ಪ್ರವಾಸದ ಬಸ್ಸು ಹತ್ತುವ ಮುನ್ನ ಮಕ್ಕಳು ಓದಿರಲಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಎರಡೂ ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ,

ಶೈಕ್ಷಣಿಕ ಪ್ರವಾಸಕ್ಕೆ ಅನುಮತಿ ಕೋರಿ ಶಾಲೆಗಳು ಅರ್ಜಿ ಹಾಕುವಾಗ ಬಸ್ಸಿನ ವಿವರ, ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಹೋಗುವ ಶಿಕ್ಷಕರ ಹೆಸರು ಎಲ್ಲವನ್ನೂ ಲಗತ್ತಿಸುತ್ತವೆ. ಅದಕ್ಕೆ ಇನ್ನೊಂದು ಕಾಲಂ ಸೇರಿಸಿ ಎಂದು ಕೇಳಲು ಈ ಪತ್ರ: ‘ಹೋಗುವ ಜಾಗದ ಬಗ್ಗೆ ಮಕ್ಕಳು ಏನೇನು ಓದಿದ್ದಾರೆ? ಅಲ್ಲಿ ಏನನ್ನು ಹುಡುಕುತ್ತಾರೆ, ಏನನ್ನು ಅಳೆಯುತ್ತಾರೆ?’ ಈ ಕಾಲಂ ಖಾಲಿ ಇದ್ದರೆ ಅರ್ಜಿ ವಾಪಸು ಹೋಗಲಿ.

ನವೆಂಬರ್, ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ರಸ್ತೆಗಳ ತುಂಬ ಪ್ರವಾಸದ ಬಸ್ಸುಗಳು. ನಸುಕಿನಲ್ಲೇ ಹೊರಟು ರಂಗನಾಥಸ್ವಾಮಿ ದೇವಸ್ಥಾನ, ಗುಂಬಜ್, ದರಿಯಾ ದೌಲತ್, ಮೃಗಾಲಯ, ಅರಮನೆ, ಚಾಮುಂಡಿಬೆಟ್ಟ ಮುಗಿಸಿ, ಸಂಜೆ ಕೆಆರ್‌ಎಸ್ ಬೃಂದಾವನದ ದೀಪ ನೋಡಿ ಮಧ್ಯರಾತ್ರಿ ಊರು ಸೇರುವುದು ವಾಡಿಕೆ. ಒಂದೊಂದು ಜಾಗಕ್ಕೆ ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಹೊತ್ತು ಸಾಲು ನಿಲ್ಲಿಸುವುದಕ್ಕೆ, ತಲೆ ಎಣಿಸುವುದಕ್ಕೆ, ಶೌಚಾಲಯ ಹುಡುಕುವುದಕ್ಕೆ. ಮಾರನೆಯ ವಾರ ‘ನಾನು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ. ಮಕ್ಕಳು ಬರೆಯುವುದು ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ತಿಂಡಿ ತಿಂದೆವು ಎಂಬುದನ್ನೇ. ಮಕ್ಕಳದ್ದು ತಪ್ಪಲ್ಲ. ನೋಡುವ ಕಣ್ಣಿಗೆ ಹುಡುಕಲು ಏನಾದರೂ ಬೇಕು. ಅದನ್ನು ಕೊಡುವುದು ಮೊದಲೇ ಓದಿದ ನಾಲ್ಕು ಪುಟ.

ಈ ಎರಡು ಜಿಲ್ಲೆಗಳಲ್ಲಿ ಇತಿಹಾಸ, ವಿಜ್ಞಾನ ಕಲಿಸುವವರು, ಗ್ರಂಥಾಲಯ ನೋಡಿಕೊಳ್ಳುವವರು ಸೇರಿ ಇದನ್ನು ಬರೆಯುತ್ತಿದ್ದೇವೆ. ನಮ್ಮ ಸಲಹೆ ಇಷ್ಟೇ: ಒಂದು ದಿನಕ್ಕೆ ಎರಡೇ ಜಾಗ, ಒಂದೊಂದಕ್ಕೂ ಕನಿಷ್ಠ ಮೂರು ಗಂಟೆ, ಹೋಗುವ ಮುನ್ನ ನಾಲ್ಕು ವಾರ ಓದು, ಬಂದ ಮೇಲೆ ಒಂದು ವಾರದೊಳಗೆ ಮತ್ತೆ ಪುಸ್ತಕದ ಮುಂದೆ. ಎರಡು ದಾರಿಗಳನ್ನು ಇಲ್ಲಿ ಬಿಡಿಸಿ ತೋರಿಸುತ್ತೇವೆ.

ಮೊದಲನೆಯದು ತಿ. ನರಸೀಪುರ ತಾಲ್ಲೂಕಿನದು, ತಲಕಾಡು ಮತ್ತು ಸೋಮನಾಥಪುರ.

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಮಕ್ಕಳಾಗದಿರಲಿ.’ ಅಲಮೇಲಮ್ಮನ ಈ ಶಾಪ ನಮ್ಮಲ್ಲಿ ಕೇಳದ ಮಗುವಿಲ್ಲ. ಓದು ಇಲ್ಲಿಂದಲೇ ಶುರುವಾಗಲಿ. ತಲಕಾಡು ಗಂಗರ ರಾಜಧಾನಿ. 11ನೇ ಶತಮಾನದ ಆರಂಭದಲ್ಲಿ ಚೋಳರ ಕೈ ಸೇರಿತು, ಆಮೇಲೆ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ. ರಾಜ ಒಡೆಯರು 1610ರಲ್ಲಿ ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ಪಡೆದರು. ಕಥೆಯ ಅಲಮೇಲಮ್ಮ ಆ ಪ್ರತಿನಿಧಿಯ ಹೆಂಡತಿ, ಶಾಪ ಹೆಣೆದುಕೊಂಡಿರುವುದು ಆ ಸಂದರ್ಭಕ್ಕೆ. ಇಷ್ಟು ಇತಿಹಾಸ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ.

ಮೂರನೇ ಪೀರಿಯಡ್‌ಗೆ ನಕ್ಷೆ ತೆಗೆಯಿರಿ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಹಾಳೆ ಸಾಕು. ಅದರಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ನರಸೀಪುರದಿಂದ ಪೂರ್ವಕ್ಕೆ ಬರುವ ಕಾವೇರಿ ತಲಕಾಡಿನ ಬಳಿ ಎಡಕ್ಕೆ ತಿರುಗುವುದನ್ನು ಮಕ್ಕಳೇ ಬೆರಳಿಟ್ಟು ಗುರುತಿಸಲಿ. ನದಿ ತಿರುಗುವ ಕಡೆ ಒಳದಂಡೆಯಲ್ಲಿ ನೀರಿನ ವೇಗ ಕಡಿಮೆ, ಹೊತ್ತು ತಂದ ಮರಳನ್ನು ಅಲ್ಲೇ ಬಿಡುತ್ತದೆ. ಹೊರದಂಡೆಯಲ್ಲಿ ವೇಗ ಹೆಚ್ಚು, ದಂಡೆ ಕೊರೆದು ಆಳವಾಗುತ್ತದೆ. ಈಗ ತಲಕಾಡು ಯಾವ ದಂಡೆಯಲ್ಲಿದೆ, ಮಾಲಂಗಿ ಯಾವ ದಂಡೆಯಲ್ಲಿದೆ ಎಂದು ಕೇಳಿ. ಶಾಪದ ಮೊದಲೆರಡು ಮಾತುಗಳ ಪಕ್ಕದಲ್ಲಿ ನದಿಯ ನಿಯಮ ಬಂದು ನಿಂತಾಗ ತರಗತಿಯಲ್ಲಿ ಏಳುವ ಗದ್ದಲವನ್ನು ದಯವಿಟ್ಟು ಅಡಗಿಸಬೇಡಿ. ಹಿಂದೆಯೇ ಇನ್ನೆರಡು ಸಂಗತಿ ಸೇರಿಸಿ. ತಲಕಾಡಿನಿಂದ ಮೇಲೆ ಹೆಮ್ಮಿಗೆ ಹತ್ತಿರ ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆ ಇದೆ. ಕಟ್ಟೆ ನೀರು ತಡೆದಂತೆ ಕೆಳಗಿನ ಪಾತ್ರದಲ್ಲಿ ಮರಳು ಬಯಲಾಗಿ ಒಣಗುತ್ತದೆ. ನೈಋತ್ಯದ ಗಾಳಿ ಆ ಒಣಮರಳನ್ನು ಎತ್ತಿ ಊರಿನ ಮೇಲೆ ಹಾಕುತ್ತದೆ. ಮೂರನೆಯ ಮಾತಿಗೆ ನದಿ ಉತ್ತರ ಹೇಳುವುದಿಲ್ಲ. ಅದಕ್ಕೆ ಅರಸರ ವಂಶಾವಳಿ ಮುಂದಿಟ್ಟುಕೊಂಡು ಕೂರಬೇಕು, ಅದು ಗ್ರಂಥಾಲಯದ ಕೆಲಸ. ಶಾಪ ಸುಳ್ಳು, ವಿಜ್ಞಾನ ನಿಜ ಎಂದು ಶಿಕ್ಷಕರು ತೀರ್ಪು ಕೊಟ್ಟು ಮುಗಿಸಬಾರದು. ಊರು ಮರಳಲ್ಲಿ ಮುಳುಗುವುದನ್ನು ಕಣ್ಣಾರೆ ಕಂಡ ಜನ ಅದಕ್ಕೊಂದು ಕಾರಣ ಕಟ್ಟಿದರು. ಆ ಕಥೆಯೂ ಇತಿಹಾಸದ ದಾಖಲೆಯೇ.

ತಲಕಾಡಿಗೆ ಹೋದಾಗ ಮಾಡಬೇಕಾದ ಅಳತೆ ಒಂದೇ, ಮರಳಿನ ಇಳಿಜಾರು. ಬೇಕಾದ ಸಾಮಾನು: ದೊಡ್ಡ ಕೋನಮಾಪಕ, ಅದರ ನಡುಬಿಂದುವಿಗೆ ಕಟ್ಟಲು ಒಂದು ಗೇಣು ದಾರ, ದಾರದ ತುದಿಗೆ ಕಟ್ಟಲು ಒಂದು ನಟ್, ಒಂದು ಅಗಲವಾದ ರಟ್ಟು, ಒಂದು ಅಡಿಪಟ್ಟಿ, ಒಂದು ಚೊಂಬು, ಒಂದು ಕೈಮಸೂರ. ಒಣಮರಳನ್ನು ಚೊಂಬಿನಿಂದ ಒಂದೇ ಸಮನೆ ರಟ್ಟಿನ ಮೇಲೆ ಸುರಿದರೆ ಗುಪ್ಪೆ ಏಳುತ್ತದೆ. ಎಷ್ಟು ಸುರಿದರೂ ಇಳಿಜಾರು ಒಂದು ಮಿತಿ ದಾಟುವುದಿಲ್ಲ, ಮರಳು ಜಾರಿ ಕೆಳಗೆ ಬರುತ್ತದೆ. ಒಂದು ಅಡಿಪಟ್ಟಿಯನ್ನು ಇಳಿಜಾರಿನ ಪಕ್ಕದಲ್ಲಿ ಅದೇ ಓರೆಗೆ ಹಿಡಿದು, ಕೋನಮಾಪಕದ ನೇರ ಅಂಚನ್ನು ಅದಕ್ಕೆ ತಾಗಿಸಿ, ದಾರ ತೂಗಿದ ಕಡೆಯ ಅಂಕಿ ಓದಿ, 90ರಿಂದ ಕಳೆಯಬೇಕು. ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಬರುತ್ತದೆ. ಹೆಚ್ಚು ಬಂದರೆ ಮರಳು ತೇವವಾಗಿದೆ ಎಂದರ್ಥ. ಕಾಳುಗಳ ನಡುವಿನ ನೀರಿನ ತೆಳುಪದರ ಅವನ್ನು ಹಿಡಿದುಕೊಳ್ಳುತ್ತದೆ, ಇಳಿಜಾರು ಕಡಿದಾಗಿ ನಿಲ್ಲುತ್ತದೆ. ಆದ್ದರಿಂದ ಮಳೆ ಬಂದ ಮಾರನೆಯ ದಿನ, ಮುಂಜಾನೆ ಇಬ್ಬನಿ ಆರುವ ಮುನ್ನ ಇದನ್ನು ಮಾಡಿ ಪ್ರಯೋಜನವಿಲ್ಲ. ದೇವಾಲಯಗಳ ದಾರಿಯ ದಿಬ್ಬಗಳ ಮೇಲೆ ನೇರವಾಗಿ ಅಳೆದರೂ ಲೆಕ್ಕ ಕೆಡುತ್ತದೆ; ಕಾಲ್ತುಳಿತ ಮತ್ತು ಮರದ ಬೇರು ಇಳಿಜಾರನ್ನು ಬದಲಿಸಿರುತ್ತವೆ. ಸುರಿದ ಮರಳನ್ನು ಅಲ್ಲೇ ಬಿಟ್ಟು ಬರಬೇಕು. ಹೊರಡುವ ಮುನ್ನ ಪ್ರತಿ ಮಗುವೂ ಒಂದು ಚಿಟಿಕೆ ಮರಳನ್ನು ಕೈಮಸೂರದಲ್ಲಿ ನೋಡಿ ಕಂಡದ್ದನ್ನು ಚಿತ್ರ ಬಿಡಿಸಲಿ.

ಅಲ್ಲಿಂದ ಸೋಮನಾಥಪುರ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ, 2023ರಿಂದ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಶಿಲ್ಪಿಗಳು ಇಲ್ಲಿ ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹಳಗನ್ನಡ ಲಿಪಿಯ ಮ, ಲ, ತ ಅಕ್ಷರಗಳನ್ನು ಶಾಲೆಯಲ್ಲೇ ಕರಿಹಲಗೆಯ ಮೇಲೆ ಬರೆದು ಅಭ್ಯಾಸ ಮಾಡಿಸಿದರೆ ಹೈಸ್ಕೂಲಿನ ಮಕ್ಕಳು ಈ ಹೆಸರನ್ನು ಹುಡುಕಿ ಓದಬಲ್ಲರು. ಸುಮಾರು ಎಂಟುನೂರು ವರ್ಷ ಹಿಂದಿನ ಒಬ್ಬ ಕೆಲಸಗಾರನ ಸಹಿಯನ್ನು ತಾನೇ ಓದಿದ ಮಗುವಿಗೆ ಗೈಡ್‌ನ ಧ್ವನಿವರ್ಧಕ ಬೇಡ.

ಕಲ್ಲಿನ ಪಾಠ ಶಾಲೆಯಲ್ಲೇ ಆಗಲಿ, ದೇವಾಲಯದಲ್ಲಿ ಗೀಚಲು ಯಾರಿಗೂ ಬಿಡಬಾರದು. ಒಂದು ಚೂರು ಬಳಪದ ಕಲ್ಲು, ಒಂದು ಚೂರು ಗ್ರಾನೈಟ್, ಒಂದು ಕಬ್ಬಿಣದ ಮೊಳೆ ತನ್ನಿ. ಬಳಪದ ಕಲ್ಲಿನ ಮೇಲೆ ಮೊಳೆ ಗೀರಿದರೆ ಪುಡಿ ಉದುರಿ ಗೀರು ಬೀಳುತ್ತದೆ. ಗ್ರಾನೈಟ್‌ನ ಮೇಲೂ ಬೂದು ಗೆರೆ ಕಾಣುತ್ತದೆ, ಆದರೆ ಬೆರಳಿಂದ ಒರೆಸಿದರೆ ಹೋಗುತ್ತದೆ. ಅದು ಕಲ್ಲಿಗೆ ಆದ ಗಾಯವಲ್ಲ, ಸವೆದ ಮೊಳೆಯ ಲೋಹ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲಿನ ಬಳಗಕ್ಕೇ ಸೇರಿದ, ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಮೂರ್ತಿಯ ಕೊರಳಿನ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾದದ್ದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಮೊಳೆಯಲ್ಲಿದೆ.

ಮಹಾದ್ವಾರದ ಹೊರಗಿನ ಎತ್ತರದ ಕಂಬ ನೆರಳಿನ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. 1 ಮೀಟರ್ ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿ, ಕೋಲಿನ ನೆರಳನ್ನೂ ಕಂಬದ ನೆರಳನ್ನೂ ಒಂದೇ ನಿಮಿಷದಲ್ಲಿ ಎರಡು ತಂಡ ಅಳೆಯಬೇಕು. ಕಂಬದ ನೆರಳನ್ನು ಕೋಲಿನ ನೆರಳಿನಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. ಮಕ್ಕಳು ಸಾಮಾನ್ಯವಾಗಿ ತಪ್ಪುವುದು ಬುಡದಲ್ಲಿ. ನೆರಳನ್ನು ಪೀಠದ ಅಂಚಿನಿಂದ ಅಳೆದು ಬಿಡುತ್ತಾರೆ. ಪೀಠದ ಅರ್ಧ ಅಗಲವನ್ನು ಕೂಡಿಸಬೇಕು. ನೆರಳು ಮೆಟ್ಟಿಲ ಮೇಲೆ ಮುರಿದು ಬಿದ್ದಿದ್ದರೆ ಸ್ವಲ್ಪ ಹೊತ್ತು ಕಾಯಬೇಕು. ಡಿಸೆಂಬರ್ ಕೊನೆಯ ಮಧ್ಯಾಹ್ನ ನಮ್ಮ ಸೀಮೆಯಲ್ಲಿ 1 ಮೀಟರ್ ಕೋಲಿನ ಅತಿ ಚಿಕ್ಕ ನೆರಳು ಸುಮಾರು 72 ಸೆಂಟಿಮೀಟರ್. ಅದು ಬೀಳುವುದು 12 ಗಂಟೆಗಲ್ಲ, 12 ಗಂಟೆ 20 ನಿಮಿಷ ದಾಟಿದ ಮೇಲೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಮೈಸೂರು ಇರುವುದು 76.6 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷ. ವ್ಯತ್ಯಾಸ ಯಾಕೆ ಎಂದು ಮಕ್ಕಳೇ ಗುಣಿಸಿ ಕಂಡುಹಿಡಿಯಲಿ. ಇದೇ ಕೋಲನ್ನು ಏಪ್ರಿಲ್ 22ರ ಆಸುಪಾಸಿನಲ್ಲಿ ಶಾಲೆಯ ಅಂಗಳದಲ್ಲಿ ನೆಟ್ಟರೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಆಗ ಬೇಸಿಗೆ ರಜೆ ಎಂಬುದೊಂದೇ ತೊಡಕು. ಆಗಸ್ಟ್ 20ರ ಸುಮಾರಿಗೂ ಅದೇ ಆಗುತ್ತದೆ, ಮೋಡ ಬಿಡುವು ಕೊಟ್ಟರೆ.

ಎರಡನೆಯ ದಾರಿ ಶ್ರೀರಂಗಪಟ್ಟಣ ಮತ್ತು ಕೆಆರ್‌ಎಸ್. ಇಲ್ಲಿ ಓದದೆ ಹೋದರೆ ನಷ್ಟ ಇನ್ನೂ ದೊಡ್ಡದು, ಯಾಕೆಂದರೆ ಕಣ್ಣಿಗೆ ಕಾಣುವ ನದಿಯೇ ದಾರಿ ತಪ್ಪಿಸುತ್ತದೆ.

1791ರ ಮೇ ತಿಂಗಳಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಟಿಪ್ಪುವಿನ ಸೇನೆಯನ್ನು ಹಿಂದೆ ಸರಿಸಿದರೂ ಪಟ್ಟಣವನ್ನು ಹಿಡಿಯಲಾಗಲಿಲ್ಲ. ಮಳೆ ಹಿಡಿದಿತ್ತು, ದವಸ ಮುಗಿದಿತ್ತು, ಎತ್ತುಗಳು ಸಾಯುತ್ತಿದ್ದವು. ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. 1799ರಲ್ಲಿ ಇನ್ನೊಬ್ಬ ಬ್ರಿಟಿಷ್ ದಂಡನಾಯಕ ಹ್ಯಾರಿಸ್‌ನ ಸೇನೆ ಏಪ್ರಿಲ್ ಮೊದಲ ವಾರವೇ ಬಂದು ಬೀಡುಬಿಟ್ಟಿತು. ಮೇ 4ರ ಮಧ್ಯಾಹ್ನ ಸುಮಾರು 1 ಗಂಟೆಗೆ ಸೈನಿಕರು ಬಂಡೆಗಳ ನಡುವೆ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಕೋಟೆಯ ವಾಯವ್ಯ ಭಾಗದ ಬಿರುಕಿನೊಳಗೆ ನುಗ್ಗಿದರು. ಕೊಡಗಿಗೆ ಮುಂಗಾರು ಕಾಲಿಡುವುದು ಜೂನ್ ಮೊದಲ ವಾರದ ಹೊತ್ತಿಗೆ. ಇನ್ನೊಂದು ತಿಂಗಳು ತಡವಾಗಿದ್ದರೆ? ಈ ಪ್ರಶ್ನೆ ಹೊತ್ತು ಕೋಟೆಗೋಡೆಯ ಮೇಲೆ ನಿಲ್ಲುವ ಮಗು ನದಿಯನ್ನು ನೋಡುವ ರೀತಿಯೇ ಬೇರೆ. ಆಗ ಶಿಕ್ಷಕರು ಎರಡನೇ ಪ್ರಶ್ನೆ ಕೇಳಬೇಕು: ಈಗ ಕಾಣುತ್ತಿರುವ ನೀರಿನ ಮಟ್ಟ 1799ರ ಮಟ್ಟವೇ? ಅಲ್ಲ. ಮೇಲೆ ಕೆಆರ್‌ಎಸ್ ಇದೆ. 1911ರಲ್ಲಿ ಶುರುವಾದ ಅಣೆಕಟ್ಟೆ ಮುಗಿದ ಮೇಲೆ ಇಲ್ಲಿ ಹರಿಯುವ ನೀರನ್ನು ಮಳೆಯ ಜೊತೆಗೆ ಗೇಟುಗಳೂ ತೀರ್ಮಾನಿಸುತ್ತವೆ. ಅದೇ ಕಾರಣಕ್ಕೆ ಮಕ್ಕಳನ್ನು ನದಿಗೆ ಇಳಿಸಬಾರದು. ಆಕಾಶ ಶುಭ್ರವಾಗಿದ್ದರೂ ಮೇಲಿನಿಂದ ಬಿಟ್ಟ ನೀರು ಬರಬಹುದು.

ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಮೊದಲೇ ಓದಿ ಹೋದ ಮಕ್ಕಳಿಗೆ ಹುಡುಕಲು ಮೂರು ಗುರುತು ಕೊಡಿ: ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡ ಕರ್ನಲ್ ಬೈಲಿ, ದೂರದರ್ಶಕ ಹಿಡಿದ ಫ್ರೆಂಚ್ ಅಧಿಕಾರಿ, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಇದು ಗೆದ್ದವರು ಬರೆಸಿದ ಚಿತ್ರ ಎಂಬುದನ್ನೂ ಹೇಳಿ. ಮದ್ದಿನ ಬಂಡಿಯಿಂದ ರಾಕೆಟ್ಟಿಗೆ ಬರುವುದು ಸುಲಭ. ಮೈಸೂರು ರಾಕೆಟ್ಟಿನ ಗುಟ್ಟು ಅದರ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತದೆ, ಆದ್ದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದು, ಹಾರುವ ದೂರ ಹೆಚ್ಚುತ್ತದೆ. ಹಿಂದೆ ಕಟ್ಟಿದ ಉದ್ದ ಬಿದಿರು ಅದನ್ನು ನೆಟ್ಟಗೆ ಹಾರಿಸುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಆ ಸುದ್ದಿಯ ಪತ್ರಿಕಾ ತುಣುಕು ಓದಿನ ಹಾಳೆಯಲ್ಲಿ ಇರಲೇಬೇಕು. ಇತಿಹಾಸ ಇನ್ನೂ ಅಗೆದು ಮುಗಿದಿಲ್ಲ ಎಂದು ಮಗುವಿಗೆ ತಿಳಿಯಬೇಕು.

ಕೆಆರ್‌ಎಸ್‌ಗೆ ಹೋಗುವ ಓದು ದಿನಪತ್ರಿಕೆಯಲ್ಲೇ ಇದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ರೈತರ ಮನೆಯಲ್ಲಿ ಹಿರಿಯರು ಬೆಳಿಗ್ಗೆ ಮೊದಲು ನೋಡುವುದು ಈ ಅಂಕಿಯನ್ನೇ. ಮಕ್ಕಳು ಒಂದು ತಿಂಗಳು ಇದನ್ನು ಬರೆದಿಟ್ಟು ಗ್ರಾಫ್ ಎಳೆಯಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಒಳಹರಿವು 30,000, ಹೊರಹರಿವು 5,000 ಇದ್ದರೆ ಒಂದು ದಿನಕ್ಕೆ ಸೇರುವುದು 2.16 ಟಿಎಂಸಿ. ಜಲಾಶಯದ ಸಾಮರ್ಥ್ಯ 49.45 ಟಿಎಂಸಿ. ಇಲ್ಲಿ ಬಹುತೇಕ ಮಕ್ಕಳು ಮಟ್ಟ ಅರ್ಧಕ್ಕೆ ಬಂದರೆ ನೀರೂ ಅರ್ಧ ಎಂದುಕೊಳ್ಳುತ್ತಾರೆ. ಕಣಿವೆ ಬೋಗುಣಿಯ ಹಾಗೆ ಮೇಲಕ್ಕೆ ಅಗಲವಾಗುತ್ತದೆ, ಮೇಲಿನ ಒಂದು ಅಡಿಯಲ್ಲಿ ಕೆಳಗಿನ ಒಂದು ಅಡಿಗಿಂತ ಎಷ್ಟೋ ಹೆಚ್ಚು ನೀರು ನಿಲ್ಲುತ್ತದೆ. ಗ್ರಾಫ್ ಎಳೆದ ಮಗುವಿಗೆ ಇದು ತಾನಾಗಿ ಕಾಣುತ್ತದೆ: ಅಷ್ಟೇ ಒಳಹರಿವಿದ್ದರೂ ಮಟ್ಟ ಮೇಲೇರಿದಂತೆ ಏರಿಕೆ ನಿಧಾನವಾಗುತ್ತದೆ.

ಅಣೆಕಟ್ಟೆಯ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಕೆಳಗಿನಿಂದಲೇ ನೋಡಬೇಕು. ಸಿಮೆಂಟು ಹೊರದೇಶದಿಂದ ಬರಬೇಕಿದ್ದ ಕಾಲದಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಇದನ್ನು ಕಟ್ಟಿದರು. ಬರಿಯ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ಸುರ್ಕಿ ನೀರಿನೊಳಗೂ ಗಟ್ಟಿಯಾಗುತ್ತದೆ. ಇಲ್ಲಿನ ಪರ್ಷಿಯನ್ ಶಾಸನ ಟಿಪ್ಪು 1794ರಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದ್ದನ್ನು ಹೇಳುತ್ತದೆ. ಅಣೆಕಟ್ಟೆಯ ಶ್ರೇಯಸ್ಸು ಯಾರಿಗೆ ಎಂಬ ಜಗಳ ಬಹಳ, ಶಾಸನ ಓದಿದವರು ಕಡಿಮೆ. ಅನುವಾದವನ್ನು ಮಕ್ಕಳ ಕೈಗೆ ಕೊಟ್ಟು, ಶಾಸನ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಎರಡು ಪಟ್ಟಿ ಮಾಡಿಸಿ.

ಬಸ್ಸಿಗೆ ಹಣವಿಲ್ಲದ ಶಾಲೆಗಳ ಮಾತು ಬೇರೆಯೇ ಇದೆ, ಅದು ಜಿಲ್ಲಾ ಪಂಚಾಯಿತಿಗಳಿಗೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಬರುವಂತಾಗಿದೆ. ಅಲ್ಲಿ ಆ ತಾಲ್ಲೂಕಿನ ಶಾಸನಗಳ ಪ್ರತಿ ಇಡಿ. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ತಾಲ್ಲೂಕುವಾರು, ಊರುವಾರು ಇವೆ. ಪೂರ್ತಿ ಸಂಪುಟ ಬೇಡ, ಆ ಪಂಚಾಯಿತಿ ವ್ಯಾಪ್ತಿಯ ಊರುಗಳ ಪುಟಗಳ ಜೆರಾಕ್ಸ್ ಸಾಕು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ: 10ನೇ ಶತಮಾನದ್ದು, ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ಗಂಗ ದೊರೆ ಬೂತುಗನಿಂದ ಮಣಲೆರ ಎಂಬ ಯೋಧ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯ ಮೇಲೆ ಬಿದ್ದು ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಕಲ್ಲು ಈಗ ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಆತಕೂರಿನ ಮಗುವಿಗೆ ಇದು ಓದಲು ಸಿಗದಿದ್ದರೆ ಅದು ನಮ್ಮೆಲ್ಲರ ಲೋಪ. ಇದನ್ನು ಓದಿದ ಮಕ್ಕಳನ್ನು ತಮ್ಮೂರಿನ ವೀರಗಲ್ಲಿನ ಬಳಿಗೆ ನಡೆಸಿಕೊಂಡು ಹೋಗಲು ಅನುಮತಿ ಪತ್ರವೂ ಬೇಕಿಲ್ಲ, ಡೀಸೆಲ್ಲೂ ಬೇಕಿಲ್ಲ.

ಇನ್ನು ಶಾಲೆಗಳಿಗೆ ಕಳಿಸುವ ಸುತ್ತೋಲೆಯಲ್ಲಿ ಇರಬೇಕಾದ ಮಾತುಗಳು. ಮಕ್ಕಳನ್ನು ಎಂಟೆಂಟರ ತಂಡ ಮಾಡಿ, ತಂಡಕ್ಕೊಬ್ಬ ದೊಡ್ಡವರು ಇರಲಿ. ನಲವತ್ತು ಮಕ್ಕಳು ಒಂದೇ ಫಲಕದ ಮುಂದೆ ನಿಂತರೆ ಹಿಂದಿನ ಮೂವತ್ತು ಮಕ್ಕಳಿಗೆ ಕಾಣುವುದು ಮುಂದಿನವರ ತಲೆ ಮಾತ್ರ. ಬಿಟ್ಟ ಸ್ಥಳ ತುಂಬಿಸುವ ಹಾಳೆ ಕೊಡಬೇಡಿ, ಒಬ್ಬರು ಬರೆದದ್ದನ್ನು ಎಲ್ಲರೂ ನಕಲು ಮಾಡುತ್ತಾರೆ. ಅದರ ಬದಲು ಓದುವಾಗ ಪುಸ್ತಕದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಪ್ರತಿ ಮಗುವೂ ಬರೆದುಕೊಂಡು ಹೊರಡಲಿ. ಅಳತೆಗಳನ್ನು ನಾಲ್ಕನೇ ವಾರ ಶಾಲೆಯ ಅಂಗಳದಲ್ಲಿ, ಧ್ವಜಸ್ತಂಭದ ನೆರಳಿನಲ್ಲಿ ಒಮ್ಮೆ ಮಾಡಿ ನೋಡಿರಬೇಕು. ಹೊಸ ಜಾಗದಲ್ಲಿ ಮೊದಲ ಸಲ ಮಾಡಿದರೆ ಟೇಪು ಬಿಚ್ಚುವುದರಲ್ಲೇ ಹೊತ್ತು ಹೋಗುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನವರಿಗೆ ಶುಲ್ಕವಿಲ್ಲ, ವಯಸ್ಸಿನ ದಾಖಲೆಗೆ ಮುಖ್ಯ ಶಿಕ್ಷಕರ ಸಹಿಯ ಪಟ್ಟಿ ಒಯ್ಯಿರಿ. ಸ್ಮಾರಕದ ಗೋಡೆಗೆ ಟೇಪು, ಕೋಲು ತಾಗಿಸಬಾರದು; ಅಳತೆಯೆಲ್ಲ ನೆಲದ ಮೇಲೆ.

ಬಂದ ಮೇಲೆ ಪ್ರಬಂಧ ಬೇಡ. ಒಂದೇ ಪುಟ: ನನ್ನ ಪ್ರಶ್ನೆ, ನಾನು ಕಂಡದ್ದು, ಇನ್ನೂ ತಿಳಿಯದ್ದು. ಮೂರನೆಯ ಭಾಗದಲ್ಲಿ ಉಳಿದ ಪ್ರಶ್ನೆಗಳನ್ನು ಅರಿವು ಕೇಂದ್ರದ ಗೋಡೆಯ ಮೇಲೆ ಅಂಟಿಸಿ, ಗ್ರಂಥಪಾಲಕರು ಅದಕ್ಕೆ ತಕ್ಕ ಪುಸ್ತಕ ಹುಡುಕಿ ಕೊಡಲಿ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಗ್ರಂಥ ಲಿಪಿಯ ಓಲೆಗರಿಯನ್ನು ಆರ್. ಶಾಮಶಾಸ್ತ್ರಿಗಳು ಕೂತು ಓದಿದ್ದರಿಂದಲೇ 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಯಿತು. ಆ ಕಟ್ಟಡ ಇದೇ ಊರಿನಲ್ಲಿದೆ. ನಮ್ಮ ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ.

ಓದಿನ ಹಾಳೆಗಳನ್ನು ಎರಡು ಜಿಲ್ಲೆಗಳ ಹತ್ತು ಜಾಗಗಳಿಗೆ, ಜಾಗಕ್ಕೆ ನಾಲ್ಕು ಪುಟದಂತೆ, ಸಂಭಾವನೆಯಿಲ್ಲದೆ ಬರೆದುಕೊಡಲು ನಾವು ಸಿದ್ಧ. ಶಿವನಸಮುದ್ರ, ಮೇಲುಕೋಟೆ, ರಂಗನತಿಟ್ಟು ಆ ಪಟ್ಟಿಯಲ್ಲಿವೆ. ಸುತ್ತೋಲೆ ಸೆಪ್ಟೆಂಬರ್ ಒಳಗೆ ಹೊರಟರೆ ಅಕ್ಟೋಬರ್‌ನಲ್ಲಿ ದಸರಾ ರಜೆ ಕಳೆದು ಉಳಿಯುವ ವಾರಗಳಲ್ಲಿ ಓದು ಮುಗಿಸಿ, ಡಿಸೆಂಬರ್‌ನ ಬಸ್ಸು ಹತ್ತಬಹುದು.

ಇಂತಿ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕೆಲವು ಶಿಕ್ಷಕರು, ಗ್ರಂಥಪಾಲಕರು